ಮನಾಲಿಯಿಂದ ಕಾಜಾಕ್ಕೆ ದೊಡ್ಡ ಎಸ್‌ಯುವಿ: ಫೋರ್ ಬೈ ಫೋರ್ ಬೇಕಾ, ಫೋರ್ ಬೈ ಟೂ ಸಾಕಾ?

ಹಿಮಾಚಲದ ಸ್ಪಿತಿ ಕಣಿವೆಯ ಕಾಜಾಕ್ಕೆ ಹೋಗಲು ಮನಾಲಿಯಲ್ಲಿ ನಾವು ಸೆಲ್ಫ್ ಡ್ರೈವ್‌ಗೆ ಬುಕ್ ಮಾಡಿದ್ದು ಫೋರ್ ಬೈ ಫೋರ್ ಫಾರ್ಚೂನರ್, ಅಂದರೆ ಇಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ. ಅದಕ್ಕೆಂದೇ ದಿನದ ಬಾಡಿಗೆ ಜಾಸ್ತಿ ಕೊಟ್ಟಿದ್ದೆವು. ಕೈಗೆ ಬಂದದ್ದು ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಫೋರ್ ಬೈ ಟೂ. ಡಿಕ್ಕಿ ಬಾಗಿಲ ಮೇಲೆ ಫೋರ್ ಬೈ ಫೋರ್ ಅಂತ ಹೊಳೆಯುವ ಬ್ಯಾಡ್ಜ್ ಅಂಟಿಸಿದ್ದರು. ಒಳಗೆ ನೋಡಿದರೆ ಡ್ರೈವ್ ಬದಲಿಸುವ ನಾಬ್ ಇಲ್ಲ. ಕೇಳಿದ್ದಕ್ಕೆ "ಎಲ್ಲರೂ ಇದರಲ್ಲೇ ಹೋಗ್ತಾರೆ ಸರ್" ಎಂದ ಬಾಡಿಗೆಯವನು. ಹೋಗುತ್ತೋ ಬಿಡುತ್ತೋ, ಇಲ್ಲದ ಸೌಲಭ್ಯಕ್ಕೆ ದುಡ್ಡು ಯಾಕೆ ಕೊಡಬೇಕು? ಎಷ್ಟು ಜಗಳವಾಡಿದರೂ ಜಾಸ್ತಿ ತೆಗೆದುಕೊಂಡ ಹಣ ವಾಪಸ್ ಬರಲಿಲ್ಲ. ಬೇರೆ ಗಾಡಿಯೂ ಇರಲಿಲ್ಲ. ಬೆಳಗಿನ ಹೊತ್ತೆಲ್ಲ ಅಲ್ಲೇ ಹಾಳಾಯಿತು.

ಹಾಗಾಗಿ ಹಣ ಕೊಡುವ ಮೊದಲೇ ಗಾಡಿ ನೋಡಿ. ಬ್ಯಾಡ್ಜ್ ನಂಬಬೇಡಿ. ಫಾರ್ಚೂನರ್‌ನಲ್ಲಿ ಟೂ ಹೈ (ಎರಡು ಚಕ್ರ), ಫೋರ್ ಹೈ (ನಾಲ್ಕು ಚಕ್ರ), ಫೋರ್ ಲೋ (ನಾಲ್ಕು ಚಕ್ರ, ನಿಧಾನ ಆದರೆ ಹೆಚ್ಚು ಎಳೆತ) ಎಂದು ತಿರುಗಿಸುವ ನಾಬ್ ಇರಬೇಕು. ಬಗ್ಗಿ ಮುಂದಿನ ಚಕ್ರಗಳ ನಡುವೆ ನೋಡಿ. ಅಲ್ಲಿ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗುಂಡು, ಅದರಿಂದ ಎರಡೂ ಚಕ್ರಕ್ಕೆ ಹೋಗುವ ಆಕ್ಸಲ್ ಕಾಣಬೇಕು. ಮಣ್ಣಿನ ಜಾಗದಲ್ಲಿ ಫೋರ್ ಹೈ ಹಾಕಿಸಿ, ಮೀಟರ್‌ನಲ್ಲಿ ದೀಪ ಬರುತ್ತಾ ನೋಡಿ. ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟ್‌ನ ಸ್ವಂತ ಗಾಡಿಯನ್ನು ಬಾಡಿಗೆಗೆ ಕೊಟ್ಟರೆ ಬೇಡವೇ ಬೇಡ. ಅಪಘಾತವಾದರೆ ಇನ್ಶೂರೆನ್ಸ್ ಕೈಕೊಡುತ್ತದೆ.

ಇನ್ನು ರಸ್ತೆ. ಅಟಲ್ ಸುರಂಗದವರೆಗೆ ಯಾವ ಕಾರಾದರೂ ಸರಿ. ಕೊಕ್ಸರ್ ದಾಟಿ ಗ್ರಾಂಫೂದಲ್ಲಿ ಕಾಜಾ ದಾರಿ ಹಿಡಿದ ಮೇಲೆ ಬಾತಲ್‌ವರೆಗಿನ ಸುಮಾರು 50 ಕಿ.ಮೀ. ಇದೆಯಲ್ಲ, ಅದೇ ನಿಜವಾದ ಪರೀಕ್ಷೆ. ಉರುಳುಗಲ್ಲು, ಸಡಿಲ ಜಲ್ಲಿ, ರಸ್ತೆಯ ಮೇಲೇ ಹರಿಯುವ ಹಳ್ಳಗಳು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನ ನೀರು ಏರುತ್ತದೆ. ಬೆಳಿಗ್ಗೆ ಕಾಲು ನೆನೆಯುವಷ್ಟಿದ್ದ ಹಳ್ಳ ಮಧ್ಯಾಹ್ನ ಸದ್ದು ಮಾಡುತ್ತಾ ನುಗ್ಗುತ್ತದೆ. ಬಾಡಿಗೆಯವನ ದಯೆಯಿಂದ ನಾವು ತಲುಪಿದ್ದು ಮಧ್ಯಾಹ್ನವೇ.

ಈ ದಾರಿಯಲ್ಲೇ ಸಿಗುವ ಛತ್ರು ದಾಟಿದ ಮೇಲೆ ಒಂದು ಹಳ್ಳದಲ್ಲಿ ಸಾಲಾಗಿ ಗಾಡಿಗಳು ನಿಂತಿದ್ದವು. ನಡುನೀರಲ್ಲಿ ಸಿಕ್ಕಿಹಾಕಿಕೊಂಡಿದ್ದದ್ದು ಅಸಲಿ ಫೋರ್ ಬೈ ಫೋರ್! ಅದರ ತಳ ಬಂಡೆಯ ಮೇಲೆ ಕೂತಿತ್ತು. ಚಕ್ರ ನೆಲಕ್ಕೆ ಸರಿಯಾಗಿ ತಾಗದಿದ್ದರೆ ಎರಡು ತಿರುಗಿದರೇನು, ನಾಲ್ಕು ತಿರುಗಿದರೇನು? ಟೈರ್ ಬೇರೆ ಸವೆದು ನುಣ್ಣಗಾಗಿತ್ತು. ಹಗ್ಗ ಕಟ್ಟಿ ಎಳೆಸಿದರು. ಆಮೇಲೆ ನಮ್ಮ ಸರದಿ. ಗೆಳೆಯ ಕೋಲು ಹಿಡಿದು ಅಂಚಿನಿಂದ ಆಳ ನೋಡಿದ. ಮೊಣಕಾಲಿನ ಕೆಳಗೇ ಇತ್ತು. ಮ್ಯಾನ್ಯುಯಲ್ ಮೋಡ್‌ನಲ್ಲಿ ಒಂದನೇ ಗೇರ್ ಹಾಕಿ, ಆಕ್ಸಿಲರೇಟರ್ ಏರಿಳಿಸದೆ, ನಡುವೆ ನಿಲ್ಲಿಸದೆ ಹೊರಟೆ. ಫೋರ್ ಬೈ ಟೂ ಆರಾಮವಾಗಿ ದಾಟಿತು. ನಮ್ಮ ಗಾಡಿಯ ಒಂದೇ ಭಾಗ್ಯವೆಂದರೆ ಟೈರ್ ಹೊಸದಿತ್ತು. ನೀರು ಮೊಣಕಾಲು ಮುಟ್ಟಿದ್ದರೆ ನಾನಂತೂ ಇಳಿಸುತ್ತಿರಲಿಲ್ಲ, ಯಾವ ಡ್ರೈವ್ ಇದ್ದರೂ.

ಬಾತಲ್‌ನಲ್ಲಿ ಚಂದ್ರಾ ಢಾಬಾ ಇದೆ. ಚಾಚಾ ಚಾಚಿ ಢಾಬಾ ಎಂದರೆ ಆ ದಾರಿಯಲ್ಲಿ ಎಲ್ಲರಿಗೂ ಗೊತ್ತು. ದಯವಿಟ್ಟು ಇಲ್ಲಿ ಇಳಿಯದೆ ಹೋಗಬೇಡಿ. ಕಲ್ಲಿನ ಗೋಡೆ, ತಗ್ಗು ಚಾವಣಿ, ಒಳಗೆ ಒಲೆಯ ಬಿಸಿ. ರಾಜ್ಮಾ ಅನ್ನ ಬಂತು. ಕಾಳು ಬಾಯಲ್ಲಿ ಕರಗುವಷ್ಟು ಬೆಂದಿತ್ತು, ಖಾರ ಹದವಾಗಿತ್ತು. ಕೇಳದೇ ಇನ್ನೊಂದು ಸೌಟು ಹಾಕಿದರು. ಎಲ್ಲ ಸಾಮಾನೂ ಅದೇ ಕೆಟ್ಟ ರಸ್ತೆಯಲ್ಲೇ ಬರಬೇಕು, ಆದರೂ ದುಬಾರಿ ಅನಿಸಲಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದ ಎಷ್ಟೋ ಪ್ರಯಾಣಿಕರಿಗೆ ಢಾಬಾ ನಡೆಸುವ ದಂಪತಿ ಜಾಗ, ಊಟ ಕೊಟ್ಟು ಕಾಪಾಡಿದ್ದಾರೆ. ಇಡೀ ಪ್ರವಾಸದಲ್ಲಿ ನಾನು ಅತ್ಯಂತ ಖುಷಿಯಿಂದ ದುಡ್ಡು ಕೊಟ್ಟದ್ದು ಇಲ್ಲೇ.

ಚಂದ್ರತಾಲ್ ಸರೋವರಕ್ಕೆ ಹೋಗುವುದನ್ನು ಬಿಟ್ಟೆವು. ಸಾಲು ಸಾಲು ಟೆಂಟು, ಜನಜಂಗುಳಿ ನನಗಾಗುವುದಿಲ್ಲ. ನಿಮಗೆ ಹೋಗಲೇಬೇಕೆಂದಿದ್ದರೆ, ಬಾತಲ್ ಆಚೆ ಕವಲೊಡೆಯುವ ಆ ಇಕ್ಕಟ್ಟು ದಾರಿ ಮಳೆ ಬಂದರೆ ಕೆಸರಾಗುತ್ತದೆ. ಅಲ್ಲಿ ಫೋರ್ ಬೈ ಫೋರ್ ಉಪಯೋಗಕ್ಕೆ ಬರುತ್ತದೆ. ಬಾತಲ್ ಮತ್ತು ಕಾಜಾ ನಡುವೆ ಬೆಟ್ಟ ದಾಟುವ ಕುಂಜುಮ್ ಪಾಸ್ ಸುಮಾರು 4,550 ಮೀಟರ್ ಎತ್ತರ. ಅಲ್ಲಿ ತಲೆಸುತ್ತು ಬಂದರೆ ಯಾವ ಗಾಡಿಯೂ ಕಾಪಾಡುವುದಿಲ್ಲ, ಜಾಸ್ತಿ ಹೊತ್ತು ನಿಲ್ಲಬೇಡಿ.

ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಹವಾಮಾನ ಸರಿಯಿದ್ದರೆ, ತಳ ನೆಲದಿಂದ ಎತ್ತರವಿರುವ ಫೋರ್ ಬೈ ಟೂ ಸಾಕು. ಜೂನ್‌ನಲ್ಲಿ ಪಾಸ್ ಆಗ ತಾನೇ ತೆರೆದಾಗ, ಅಕ್ಟೋಬರ್‌ನಲ್ಲಿ ಹೊಸ ಹಿಮ ಬೀಳುವಾಗ ಫೋರ್ ಬೈ ಫೋರ್ ಇಲ್ಲದೆ ಹೋಗಬೇಡಿ. ಆದರೆ ಹಿಮದ ಮೇಲೆ ಬ್ರೇಕ್ ಹಿಡಿಯಲು ಅದು ಸಹಾಯ ಮಾಡುವುದಿಲ್ಲ. ನಿಲ್ಲಿಸುವುದು ಟೈರ್, ಅಲ್ವಾ? ಚಳಿಗಾಲದಲ್ಲಿ ಶಿಮ್ಲಾ ಕಡೆಯಿಂದ ಹೋಗುವವರು ಎರಡರಲ್ಲಿ ಯಾವುದಿದ್ದರೂ ಚಕ್ರಕ್ಕೆ ಕಟ್ಟುವ ಚೈನ್ ಇಟ್ಟುಕೊಳ್ಳಿ.

ಫೋರ್ ಬೈ ಟೂ ಎಲ್ಲವೂ ಒಂದೇ ಅಲ್ಲ ಎಂಬುದೂ ಗೊತ್ತಿರಲಿ. ಫಾರ್ಚೂನರ್, ಸ್ಕಾರ್ಪಿಯೋ ಎನ್‌ಗಳಲ್ಲಿ ಹಿಂದಿನ ಚಕ್ರ ತಳ್ಳುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಬೀಳುವುದರಿಂದ ಹಿಡಿತ ಸಿಗುತ್ತದೆ. ಡೀಸೆಲ್ ಸಫಾರಿಯಲ್ಲಿ ಎಳೆಯುವುದು ಮುಂದಿನ ಚಕ್ರ. ಕಡಿದಾದ ಜಲ್ಲಿ ಏರಿನಲ್ಲಿ ಅದು ಸುಮ್ನೆ ತಿರುಗುವ ಸಾಧ್ಯತೆ ಹೆಚ್ಚು. ಎಕ್ಸ್‌ಯುವಿ 700ರ ಆಲ್ ವ್ಹೀಲ್ ಡ್ರೈವ್‌ನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೂ ಫೋರ್ ಲೋದಂಥ ಲೋ ರೇಂಜ್ ಇಲ್ಲ. ನಿಜವಾದ ಫೋರ್ ಬೈ ಫೋರ್ ಸಿಕ್ಕಿದರೆ ಒಣ ಡಾಂಬರಿಗೆ ಬಂದ ಕೂಡಲೇ ಟೂ ಹೈಗೆ ಬದಲಿಸಿ. ಇಲ್ಲದಿದ್ದರೆ ತಿರುವುಗಳಲ್ಲಿ ಗೇರ್ ಭಾಗಗಳ ಮೇಲೆ ಒತ್ತಡ ಬೀಳುತ್ತದೆ.

ಟ್ಯಾಂಕ್ ಮನಾಲಿಯಲ್ಲೇ ತುಂಬಿಸಿ, ಮುಂದಿನ ಬಂಕ್ ಕಾಜಾದಲ್ಲಿ. ಸಾಧ್ಯವಾದರೆ ಹಿಂದಿನ ಸಂಜೆಯೇ ಗಾಡಿ ಪಡೆದು, ಬೆಳಕು ಹರಿಯುವ ಮೊದಲೇ ಹೊರಡಿ.