ಖಾಲಿ ಹೊಟ್ಟೆಯ ಹಡಗು

ಎರಡು ದ್ರವ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಅದರ ಎರಡು ಬಾಟಲಿಗಳಿಂದ ಅಳೆದು ಲೋಟಕ್ಕೆ ಸುರಿದುಕೊಂಡು, ಗುಳ್ಳೆ ಏಳದ ಹಾಗೆ ಮರದ ಕಡ್ಡಿಯಿಂದ ಮೆಲ್ಲಗೆ ಕಲಕುತ್ತಿದ್ದೆ. ಆ ಭಾನುವಾರ, ಮೇಜಿನ ಮೇಲೆ ಆಟಿಕೆ ರೈಲಿಗೆಂದು ಕಟ್ಟಿದ ನನ್ನ ಪುಟ್ಟ ಮಾದರಿ ಬಂದರಿಗೆ ನೀರು ಬರುವುದಿತ್ತು. ಹಳಿ ಹಾಸಿ, ದಕ್ಕೆ ಕಟ್ಟಿ, ಕ್ರೇನ್ ನಿಲ್ಲಿಸಿ ನಾಲ್ಕು ತಿಂಗಳಾಗಿದ್ದರೂ ಕಡಲು ಇರಬೇಕಾದ ಜಾಗದಲ್ಲಿ ಕಪ್ಪು ಹಸಿರು ಬಣ್ಣ ಬಳಿದ ಪ್ಲೈವುಡ್ ಹಲಗೆಯೊಂದೇ ಇತ್ತು. ಅದರ ಮೇಲೆ, ದಕ್ಕೆಗೆ ಒರಗಿಕೊಂಡು, ಹಿಂದಿನ ರಾತ್ರಿಯಷ್ಟೇ ಮುಗಿದಿದ್ದ ನನ್ನ ಸರಕು ಹಡಗು ಕೂತಿತ್ತು.

ಅಷ್ಟರಲ್ಲಿ ಭಾವ ಬಂದರು. ಅವರು ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಆಯುಷ್ಯದ ಬಹುಪಾಲು ಕಳೆದು ನಿವೃತ್ತರಾದವರು. ನನ್ನ ಮೇಜಿನ ಮೇಲಿನ ರೈಲಿನಲ್ಲಿ ಅವರಿಗೆ ಆಸಕ್ತಿ ಅಷ್ಟಕ್ಕಷ್ಟೆ. ಹಡಗು ಎಂದು ಹೇಳಿದ್ದಕ್ಕೆ ನೋಡಲು ಬಂದಿದ್ದರು. ಕನ್ನಡಕವನ್ನು ಹಣೆಗೇರಿಸಿ, ಮೂಗು ದಕ್ಕೆಗೆ ತಾಗುವಷ್ಟು ಬಗ್ಗಿ, ಮೊದಲು ಹಡಗಿನ ಪಕ್ಕೆಯನ್ನೂ ಆಮೇಲೆ ತೆರೆದಿದ್ದ ಹ್ಯಾಚಿನ, ಎಂದರೆ ಸರಕಿನ ಕೋಣೆಯ ಬಾಯಿಯ, ಒಳಗನ್ನೂ ನೋಡಿದರು. ನಾನು ಹೊಗಳಿಕೆಗಾಗಿ ಕಾದೆ.

"ಇದರ ಹೊಟ್ಟೆ ತುಂಬಿದೆಯೋ, ಖಾಲಿಯೋ?" ಎಂದರು.

"ಖಾಲಿ. ಕಾಣುವುದಿಲ್ಲವೇ ಭಾವ?"

"ಒಳಗೆ ನೋಡಿದರೆ ಖಾಲಿ. ಹೊರಗೆ ನೋಡಿದರೆ ತುಂಬು ಬಸುರಿ."

ಈ ಹಡಗಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಬಂದರು ಕಟ್ಟುವ ಹುಚ್ಚು ಹತ್ತಿದಾಗ ನನ್ನ ತಲೆಯಲ್ಲಿದ್ದದ್ದು ದೊಡ್ಡ ಹಡಗು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಕಟ್ಟಿದ 2,710 ಲಿಬರ್ಟಿ ಹಡಗುಗಳ ಪೈಕಿ ಒಂದನ್ನಾದರೂ ನನ್ನ ದಕ್ಕೆಗೆ ತರಬೇಕೆಂದು ಹೊರಟಿದ್ದೆ. ನನ್ನ ರೈಲು ಎಚ್‌ಒ ಸ್ಕೇಲಿನದು, ಎಂದರೆ ನಿಜದ ಅಳತೆಯ 87ನೇ ಒಂದು ಭಾಗ. ಲಿಬರ್ಟಿಯ ಉದ್ದ 441 ಅಡಿ 6 ಅಂಗುಲ, ಹೆಚ್ಚುಕಡಿಮೆ 134.6 ಮೀಟರ್. 87ರಿಂದ ಭಾಗಿಸಿದರೆ ಒಂದೂವರೆ ಮೀಟರನ್ನು ದಾಟುತ್ತದೆ. ನನ್ನ ಇಡೀ ಬಂದರೇ 90 ಸೆಂಟಿಮೀಟರ್! ರೈಲಿನ ಉದ್ದ ಹೆಚ್ಚಾಯಿತೆಂದರೆ ನಾಲ್ಕು ಡಬ್ಬಿ ಕಳಚಿಟ್ಟರಾಯಿತು, ಯಾರೂ ಕೇಳುವುದಿಲ್ಲ. ಹಡಗಿನ ನಡುವೆ ನಾಲ್ಕು ಬೆರಳು ಕತ್ತರಿಸಿ ತೆಗೆದರೆ ಅದು ಅಂಗವಿಕಲ ತೊಟ್ಟಿಯಂತೆ ಕಾಣುತ್ತದೆ. ಕಾಗದದಲ್ಲಿ ಕತ್ತರಿಸಿ ಇಟ್ಟು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಹಾಗಾಗಿ ಪಫರ್‌ಗೆ ಇಳಿದೆ. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ಕಡೆಯ ಪುಟ್ಟ ಹಬೆ ಹಡಗುಗಳಿವು. ಫೋರ್ತ್ ಮತ್ತು ಕ್ಲೈಡ್ ಕಾಲುವೆಯ ಲಾಕ್‌ಗಳಲ್ಲಿ, ಎಂದರೆ ನೀರು ತುಂಬಿಸಿ ಇಳಿಸಿ ದೋಣಿಗಳನ್ನು ಮೇಲೆ ಕೆಳಗೆ ದಾಟಿಸುವ ಬಾಗಿಲಿನ ಕಟ್ಟೆಗಳಲ್ಲಿ, ತೂರಿ ಹೋಗಬೇಕಾಗಿದ್ದರಿಂದ ಇವುಗಳ ಉದ್ದ 66 ಅಡಿಗೆ ನಿಂತುಹೋಯಿತು. ಮೊದಮೊದಲಿನವುಗಳಲ್ಲಿ ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರ್ ಇರಲಿಲ್ಲ. ಸುತ್ತಲೂ ಕಾಲುವೆಯ ಸಿಹಿನೀರು ಇರುವಾಗ ಅದರ ಗೊಡವೆ ಏಕೆ? ಬಳಸಿದ ಹಬೆ ಪಫ್ ಪಫ್ ಎಂದು ಚಿಮಣಿಯಿಂದ ಹೊರಬೀಳುತ್ತಿತ್ತು. ಮುಂದೆ ಕಡಲಿಗಿಳಿದು ಕಂಡೆನ್ಸರ್ ಬಂದು ಸದ್ದು ಅಡಗಿದರೂ ಹೆಸರು ಉಳಿಯಿತು. ತಳ ಚಪ್ಪಟೆಯಾದ್ದರಿಂದ ದಕ್ಕೆಯೇ ಇಲ್ಲದ ಕಡೆ ಇಳಿತದ ಹೊತ್ತಿಗೆ ಮರಳಿನ ಮೇಲೆ ಕೂತು ಸರಕು ಇಳಿಸಿ, ಉಬ್ಬರ ಬಂದಾಗ ತೇಲಿ ಹೋಗುತ್ತಿದ್ದವು. ಇಂಥ ಹಡಗನ್ನು ಇಷ್ಟಪಡದೆ ಇರುವುದು ಕಷ್ಟ. 66 ಅಡಿ ನನ್ನ ಸ್ಕೇಲಿನಲ್ಲಿ 23 ಸೆಂಟಿಮೀಟರ್. ನನ್ನ ಬಂದರಿಗೆ ದೇಶವೂ ಇಲ್ಲ, ಹೆಸರೂ ಇಲ್ಲ. ಸ್ಕಾಟ್ಲೆಂಡಿನ ಹಡಗಿಗೆ ಇಲ್ಲೇನು ಕೆಲಸ ಎಂದು ಕೇಳುವವರೂ ಇಲ್ಲ.

ಒಡಲನ್ನು ಬಾಲ್ಸಾ ಹಲಗೆಗಳಿಂದ ಪದರದ ಮೇಲೆ ಪದರ ಅಂಟಿಸಿ ಮಾಡಿದೆ. ಸರಕಿನ ಕೋಣೆಯ ಕಿಂಡಿಯನ್ನು ಅಂಟಿಸುವ ಮೊದಲೇ ಒಂದೊಂದು ಪದರದಲ್ಲೂ ಕೊರೆದುಕೊಂಡರೆ ಆಮೇಲೆ ಉಳಿ ಹಿಡಿದು ಒದ್ದಾಡಬೇಕಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್‌ಗಳಿಂದ ಸುತ್ತಲೂ ಕಚ್ಚಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಉಪ್ಪು ಕಾಗದ ಹಿಡಿದೆ. ಬಾಲ್ಸಾ ಬೆಣ್ಣೆಯಂಥ ಮರ, ಅದರ ಗುಣವೂ ಅದೇ, ದೋಷವೂ ಅದೇ. ಎರಡು ಉಜ್ಜು ಹೆಚ್ಚಾದರೆ ಮೂತಿಯ ಒಂದು ಕೆನ್ನೆ ಬತ್ತಿಹೋಗುತ್ತದೆ. ನನ್ನ ಹಡಗಿನ ಎಡಗೆನ್ನೆ ಎರಡು ಸಲ ಪುಟ್ಟಿ ತಿಂದಿದೆ. ಆಮೇಲೆ ಪ್ರೈಮರ್, ಉಜ್ಜುವುದು, ಮತ್ತೆ ಪ್ರೈಮರ್. ಉಕ್ಕಿನ ಹಡಗಿನ ಮೈಯಲ್ಲಿ ಮರದ ಎಳೆ ಕಂಡರೆ ಮುಗಿಯಿತು. ಡೆಕ್ಕಿಗೆ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ. ಅದನ್ನು ಮೂತಿಯ ಕಡೆಗೂ ಹಿಂಬದಿಗೂ ಏರುವಂತೆ ಬಾಗಿಸಬೇಕು. ಆ ಬಾಗು ಇಲ್ಲದ ಹಡಗು ಸೋಪಿನ ಪೆಟ್ಟಿಗೆ. ಚಿಮಣಿ, ಚುಕ್ಕಾಣಿ ಕೋಣೆ, ಕಂಬ, ರಾಟೆ ಇವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚಿಮಣಿ ಒಂದು ಹಳೆಯ ಪೆನ್ನಿನ ತುಂಡು.

ಹೇಳಬೇಕಾದದ್ದು ಸರಕಿನ ಕೋಣೆಯ ನೆಲದ ಬಗ್ಗೆ. ಎರಡು ಮಿಲಿಮೀಟರ್ ಅಗಲದ ಮರದ ಪಟ್ಟಿಗಳನ್ನು ಸೀಳಿಕೊಂಡು, ಪ್ರತಿ ಪಟ್ಟಿಯ ಅಂಚಿಗೆ ಪೆನ್ಸಿಲ್ ಸವರಿ, ಚಿಮುಟದಿಂದ ಒಂದೊಂದಾಗಿ ಕೂರಿಸಿದೆ. ಪೆನ್ಸಿಲಿನ ಸೀಸ ಸಂದಿನಲ್ಲಿ ಸಿಕ್ಕಿಕೊಂಡು ಕೂದಲೆಳೆಯಷ್ಟು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಹಲಗೆಯ ನೆಲ ಎಂದು ಕಣ್ಣಿಗೆ ಹೇಳುವುದು ಆ ಗೆರೆಯೇ. ಇಪ್ಪತ್ಮೂರು ಪಟ್ಟಿಗಳು, ಮೂರು ರಾತ್ರಿಗಳು. ಕೆಲವಕ್ಕೆ ಬೂದು, ಕೆಲವಕ್ಕೆ ಕಂದು, ಮೂಲೆಗಳಿಗೆ ಬೆರಳಿನಿಂದ ಕಲ್ಲಿದ್ದಲ ಪುಡಿ ತೀಡಿದೆ. ಹ್ಯಾಚನ್ನು ಮುಚ್ಚದೆ ತೆರೆದಿಟ್ಟದ್ದು ಇದೊಂದೇ ಕಾರಣಕ್ಕೆ.

ಇನ್ನೊಂದು ಜಂಬದ ಕೆಲಸವನ್ನೂ ಮಾಡಿದ್ದೆ. ಹಡಗಿನ ಪಕ್ಕೆಯ ನಡುವೆ ಒಂದು ಉಂಗುರ, ಅದರ ಮಧ್ಯೆ ಹಾದುಹೋಗುವ ಅಡ್ಡ ಗೆರೆ ಇರುತ್ತದಲ್ಲ, ಅದು. ಹಡಗಿಗೆ ಇದಕ್ಕಿಂತ ಹೆಚ್ಚು ಹೇರಬೇಡಿ ಎನ್ನುವ ಗುರುತು. ಹೇರಿ ಹೇರಿ ನಾವಿಕರ ಸಮೇತ ಹಡಗುಗಳನ್ನು ಮುಳುಗಿಸುತ್ತಿದ್ದ ಮಾಲೀಕರ ವಿರುದ್ಧ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯ ಹಟ ಹಿಡಿದು, 1876ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೆ ಕಾನೂನಾಯಿತು. ಗುರುತಿಗೆ ಇಂದಿಗೂ ಅವನದೇ ಹೆಸರು. ಈಗಿನ ನಿಯಮದ ಉಂಗುರ 300 ಮಿಲಿಮೀಟರ್, ಅಡ್ಡ ಗೆರೆ 450. ನನ್ನ ಸ್ಕೇಲಿನಲ್ಲಿ ಉಂಗುರ ಮೂರೂವರೆ ಮಿಲಿಮೀಟರಿಗೂ ಕಡಿಮೆ. ಕುಂಚದಲ್ಲಿ ಬಿಡಿಸಿದರೆ ಆಲೂಗಡ್ಡೆಯಾಗುತ್ತದೆ. ಸಣ್ಣ ಹಿತ್ತಾಳೆ ಕೊಳವೆಯ ಬಾಯಿಯನ್ನು ಬಿಳಿ ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಮುದ್ರೆಯಂತೆ ಒತ್ತಿದೆ. ಏಳು ಸಲ ಒರೆಸಿ, ಎಂಟನೆಯದು ನಿಂತಿತು. ಆ ಗುರುತು ನನ್ನ ಹಡಗಿಗೆ ಬೇಕಿತ್ತೋ ಇಲ್ಲವೋ, ನನಗೆ ಬೇಕಿತ್ತು.

ಭಾವ ಬೆರಳಿಟ್ಟು ತೋರಿಸಿದ್ದು ಅದನ್ನೇ. "ನೋಡು, ಈ ಗೆರೆ ನೀರಿಗೆ ತಾಗಿಕೊಂಡಿದೆ. ಹಡಗು ಕಂಠಮಟ್ಟ ತುಂಬಿದೆ ಎಂದು ನೀನೇ ಬರೆದಿಟ್ಟಿದ್ದೀಯ. ಒಳಗೆ ನೋಡಿದರೆ ಗುಡಿಸಿ ಸಾರಿಸಿದಂತಿದೆ."

ತಪ್ಪು ಎಲ್ಲಾಯಿತೆಂದು ಆಗ ಹೊಳೆಯಿತು. ಬಂದರಿನ ದೃಶ್ಯದಲ್ಲಿ ನೀರಿನ ಕೆಳಗಿನ ಭಾಗ ಬೇಡವಾದ್ದರಿಂದ ಹಡಗನ್ನು ನೀರಿನ ಗೆರೆಯಿಂದ ಮೇಲಕ್ಕೆ ಮಾತ್ರ ಕಟ್ಟುತ್ತೇವೆ. ನಕ್ಷೆಯಲ್ಲಿ ಅಚ್ಚುಕಟ್ಟಾಗಿ ಎಳೆದಿದ್ದ ನೀರಿನ ಗೆರೆಯನ್ನೇ ನಾನು ತಳ ಎಂದು ಹಿಡಿದಿದ್ದೆ. ನಕ್ಷೆಯವರು ಎಳೆದಿದ್ದು ಪೂರ್ತಿ ಸರಕು ಹೇರಿದಾಗಿನ ಗೆರೆ.

"ಎಷ್ಟು ಏಳಬೇಕು?" ಎಂದೆ.

"ಪೆನ್ನು ಕೊಡು."

ಎಪಾಕ್ಸಿ ಬಂದಿದ್ದ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಲೆಕ್ಕ ಶುರುವಾಯಿತು. ಉದ್ದ 20 ಮೀಟರ್, ಅಗಲ ಐದೂವರೆ. ಮೂತಿ ಚೂಪು, ಹಿಂಬದಿ ದುಂಡಗೆ, ಆದ್ದರಿಂದ ಆಯತದ ಐದರಲ್ಲಿ ನಾಲ್ಕು ಪಾಲು ಹಿಡಿಯೋಣ ಎಂದರು. 88 ಚದರ ಮೀಟರ್ ಬಂತು. ಹಡಗು ಒಂದು ಸೆಂಟಿಮೀಟರ್ ಮುಳುಗಿದರೆ 0.88 ಘನ ಮೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಸಮುದ್ರದ ನೀರು ಘನ ಮೀಟರಿಗೆ 1.025 ಟನ್. ಅಂದರೆ ಒಂದು ಸೆಂಟಿಮೀಟರಿಗೆ ಒಂಬತ್ತು ಕ್ವಿಂಟಾಲ್. ಸೆಂಟಿಮೀಟರಿಗೆ ಎಷ್ಟು ಟನ್ ಎಂಬ ಈ ಅಂಕಿಯನ್ನು ನಿಜದ ಹಡಗುಗಳಲ್ಲಿ ಕೋಷ್ಟಕ ಮಾಡಿ ಇಟ್ಟುಕೊಂಡಿರುತ್ತಾರಂತೆ, ಸರಕು ಹೇರುವಾಗ ದಿನವೂ ಬೇಕಾಗುವುದು ಅದೇ.

"ಇದರಲ್ಲಿ ಎಷ್ಟು ಕಲ್ಲಿದ್ದಲು ತುಂಬುತ್ತೀ?"

"ನೂರು ಟನ್."

"ಹಾಗಾದರೆ ಖಾಲಿ ಮಾಡಿದಾಗ 111 ಸೆಂಟಿಮೀಟರ್ ಮೇಲೇಳುತ್ತದೆ."

87ರಿಂದ ನಾನು ಭಾಗಿಸಿದೆ. 12.8 ಮಿಲಿಮೀಟರ್! ಇಡೀ ಹಡಗಿನ ನಡುಭಾಗವೇ ಅಷ್ಟು ಎತ್ತರವಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಲೋಟಕ್ಕೆ ಕೈ ಹಾಕಿದೆ, ಬಿಸಿ ತಾಗಿತು. ಕಡ್ಡಿ ಅಲುಗಲಿಲ್ಲ. ತೆಳುವಾಗಿ ಹರಡಿದ ಎಪಾಕ್ಸಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಲೋಟದಲ್ಲಿ ಗುಪ್ಪೆಯಾಗಿ ಬಿಟ್ಟರೆ ತನ್ನ ಕಾವಿಗೆ ತಾನೇ ಕಾದು ಬೇಗ ಕಲ್ಲಾಗುತ್ತದೆ. ಭಾಗಾಕಾರ, ಗುಣಾಕಾರಗಳ ನಡುವೆ ನನ್ನ ಕಡಲು ಲೋಟದೊಳಗೇ ಹೆಪ್ಪುಗಟ್ಟಿತ್ತು. ಹಾಗೆ ನೋಡಿದರೆ ಅದು ಒಳ್ಳೆಯದೇ ಆಯಿತು. ಅರ್ಧ ಗಂಟೆ ಮೊದಲು ಸುರಿದಿದ್ದರೆ ಹಡಗು ಆ ಸುಳ್ಳಿನ ಸಮೇತ ಮೇಜಿಗೆ ಅಂಟಿಕೊಳ್ಳುತ್ತಿತ್ತು.

ಸುಲಭದ ದಾರಿಯೊಂದು ಎದುರಿಗೇ ಇತ್ತು. ಹ್ಯಾಚಿಗೆ ಮುಚ್ಚಳ ಹಾಕಿ, ಟಾರ್ಪಾಲಿನ್ ಎಳೆದರೆ ಹಡಗು ತುಂಬಿದೆ ಎಂದಾಗುತ್ತದೆ, ಗೆರೆಯೂ ಸರಿಹೋಗುತ್ತದೆ. ಇಪ್ಪತ್ಮೂರು ಪಟ್ಟಿಗಳ ಮೇಲೆ ಮುಚ್ಚಳ ಹಾಕಲು ನನ್ನ ಕೈ ಬರಲಿಲ್ಲ. ಅಷ್ಟರಲ್ಲಿ ಭಾವನ ಕಣ್ಣು ದಕ್ಕೆಯ ಮೇಲಿನ ರೈಲಿಗೆ ಹೋಗಿತ್ತು.

"ಆ ವ್ಯಾಗನ್‌ಗಳಲ್ಲಿರುವ ಕಲ್ಲಿದ್ದಲು ಎಲ್ಲಿಯದು?"

"ಈ ಹಡಗಿನಿಂದ ಇಳಿಸಿದ್ದು."

"ಒಂದೊಂದಕ್ಕೆ ಎಷ್ಟು?"

"ಹತ್ತು ಟನ್."

"ಐದು ವ್ಯಾಗನ್, ಐವತ್ತು ಟನ್. ಉಳಿದ ಐವತ್ತು ಎಲ್ಲಿ ಹೋಯಿತು ಮಾರಾಯ?"

ಉತ್ತರ ನನ್ನ ಹಳಿಯ ಮೇಲೆಯೇ ನಿಂತಿತ್ತು. ವಾರಗಟ್ಟಲೆ ಅದನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿದ್ದೆ. ಅರ್ಧ ಇಳಿದಿದೆ, ಅರ್ಧ ಒಳಗಿದೆ. ಹಡಗು ಏಳಬೇಕಾದದ್ದು ಆರೂವರೆ ಮಿಲಿಮೀಟರಿಗಿಂತ ಒಂದು ಕೂದಲು ಕಡಿಮೆ. ಭಾವ ಅದಕ್ಕೂ ಒಂದು ತಿದ್ದುಪಡಿ ಸೇರಿಸಿದರು. ಇಂಜಿನ್ನು, ಬಾಯ್ಲರು ಎಲ್ಲ ಹಿಂಬದಿಯಲ್ಲಿರುವ ಹಡಗಿನ ಹೊಟ್ಟೆ ಬರಿದಾಗುತ್ತಾ ಬಂದ ಹಾಗೆ ಮೂತಿ ಹೆಚ್ಚು ಏಳುತ್ತದೆ, ಹಿಂಬದಿ ಕುಕ್ಕರಿಸಿದಂತೆ ಕೂರುತ್ತದೆ. ಹಾಗಾಗಿ ಮಟ್ಟಸವಾದ ಹಲಗೆ ಸಾಲದು, ಬೆಣೆಯಂತೆ ಇಳಿಜಾರಾದ್ದು ಬೇಕು.

ಅಂದು ಮಧ್ಯಾಹ್ನವೆಲ್ಲ ಆ ಬೆಣೆಗೇ ಹೋಯಿತು. ಹತ್ತು ಮಿಲಿಮೀಟರ್ ಬಾಲ್ಸಾವನ್ನು ಹಡಗಿನ ತಳದ ಆಕಾರಕ್ಕೆ ಕತ್ತರಿಸಿ, ಮೇಜಿಗೆ ಅಂಟಿಸಿದ ಉಪ್ಪು ಕಾಗದದ ಮೇಲೆ ತಿಕ್ಕಿ ತಿಕ್ಕಿ ಮೂತಿಯಲ್ಲಿ ಒಂಬತ್ತು, ಹಿಂಬದಿಯಲ್ಲಿ ನಾಲ್ಕಕ್ಕೆ ತಂದೆ. ಹೊಸ ಪದರಕ್ಕೆ ಕೆಂಪು ಬಣ್ಣ. ಹಡಗುಗಳ ತಳಕ್ಕೆ ಚಿಪ್ಪು, ಪಾಚಿ ಹತ್ತದಂತೆ ಬಳಿಯುವ ಬಣ್ಣದಲ್ಲಿ ತಾಮ್ರದ ಆಕ್ಸೈಡ್ ಇರುವುದರಿಂದ ಬಂದ ಕೆಂಪು ಅದು. ಮೇಲಿನ ಕಪ್ಪು ಒಡಲು ಬಿಸಿಲಿಗೆ ಬೂದುಗಟ್ಟಿದಂತೆ ಮಂಕಾಗಿದೆ. ಕೆಳಗಿನ ಕೆಂಪು ಈಗಷ್ಟೇ ನೀರಿನಿಂದ ಎದ್ದದ್ದು, ಅದಕ್ಕೆ ಹೊಳೆಯುವ ವಾರ್ನಿಷ್ ಎಳೆದೆ. ಮಂಕು ಕಪ್ಪಿನ ಕೆಳಗೆ ಒದ್ದೆ ಕೆಂಪಿನ ಪಟ್ಟಿ, ಹಿಂದೆ ನಾಲ್ಕೇ ಮಿಲಿಮೀಟರಿದ್ದದ್ದು ಮೂತಿಗೆ ಬರುವಷ್ಟರಲ್ಲಿ ಒಂಬತ್ತಾಗುತ್ತದೆ. ಇಡೀ ಹಡಗಿನಲ್ಲಿ ನನಗೆ ಈಗ ಅತ್ಯಂತ ಇಷ್ಟವಾದ ಭಾಗ ಅದೇ. ಮೊದಲ ಸಲ ಅದು ಅಲ್ಲಿರಲೇ ಇಲ್ಲ.

ಆಮೇಲೆ ಕಲ್ಲಿದ್ದಲು. ನಿಜದ ಕಲ್ಲಿದ್ದಲನ್ನೇ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿ, ಜರಡಿ ಹಿಡಿದು, ಚಮಚದಿಂದ ಸರಕಿನ ಕೋಣೆಗೆ ಸುರಿದೆ. ಮೊದಲ ಚಮಚ ಮೂಲೆಗೆ, ಎರಡನೆಯದು ಗೋಡೆಯ ಪಕ್ಕಕ್ಕೆ. ಐವತ್ತು ಟನ್ ಎಂದರೆ ಕಡಿಮೆಯೇನಲ್ಲ. ನೀರು ಬೆರೆಸಿದ ಅಂಟನ್ನು ಹನಿಹನಿಯಾಗಿ ಬಿಟ್ಟು ರಾಶಿಯನ್ನು ಕಚ್ಚಿಸುವ ಹೊತ್ತಿಗೆ ಇಪ್ಪತ್ಮೂರು ಪಟ್ಟಿಗಳಲ್ಲಿ ಕಾಣುತ್ತಿದ್ದದ್ದು ನಾಲ್ಕು. ಸಲಿಕೆ ಹಿಡಿದ ಇಬ್ಬರು ಕೂಲಿಗಳನ್ನು ಆ ನಾಲ್ಕರ ಮೇಲೆ ನಿಲ್ಲಿಸಿದೆ, ಎತ್ತರ ತಲಾ ಎರಡು ಸೆಂಟಿಮೀಟರ್.

ಮುಂದಿನ ಭಾನುವಾರ ಹೊಸದಾಗಿ ಕಲಕಿದ ಎಪಾಕ್ಸಿಯನ್ನು ತಡಮಾಡದೆ ಎರಡು ತೆಳು ಪದರಗಳಲ್ಲಿ ಸುರಿದೆ. ಅದು ಹಡಗಿನ ಮೈಯನ್ನು ಹಿಡಿದು ಅರ್ಧ ಮಿಲಿಮೀಟರ್ ಮೇಲಕ್ಕೆ ಹತ್ತಿತು. ಹತ್ತಿಯೇ ಹತ್ತುತ್ತದೆ, ಅದಕ್ಕೆ ಮದ್ದಿಲ್ಲ. ದಕ್ಕೆಯ ಗೂಟಗಳಿಗೆ ಹಡಗನ್ನು ಕಪ್ಪು ದಾರದಿಂದ ಬಿಗಿಯಾಗಿ ಕಟ್ಟಿದೆ. ಸಡಿಲ ಬಿಟ್ಟರೆ ದಾರಕ್ಕೆ ತೂಕವೇ ಇಲ್ಲದ್ದರಿಂದ ಜೋತು ಬೀಳದೆ ಗಾಳಿಯಲ್ಲಿ ಸುರುಳಿಯಾಗಿ ನಿಲ್ಲುತ್ತದೆ.

ಭಾವ ಮತ್ತೆ ಬಂದರು. ಕನ್ನಡಕ ಹಣೆಗೇರಿತು. ಗುರುತಿನ ಗೆರೆಯನ್ನು ನೋಡಿದರು, ಕೆಂಪು ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ನೋಡಿದರು, ವ್ಯಾಗನ್‌ಗಳನ್ನು ಎಣಿಸಿದರು. ತಲೆ ಅಲ್ಲಾಡಿಸಿ ಎದ್ದವರು ಮತ್ತೆ ಬಗ್ಗಿದರು.

"ಇಷ್ಟು ಬಿಗಿಯಾಗಿ ಯಾರಾದರೂ ಕಟ್ಟುತ್ತಾರೆಯೇ? ಇಳಿತದ ಹೊತ್ತಿಗೆ ಹಡಗು ಕೆಳಗಿಳಿದರೆ ಈ ಹಗ್ಗ ಗೂಟದ ಸಮೇತ ಕಿತ್ತು ಬರುತ್ತದೆ."

"ಭಾವ, ಅದು ಎಪಾಕ್ಸಿ."

"ನಿನಗೆ ಗೊತ್ತು. ಹಡಗಿಗೆ ಗೊತ್ತೇ?"

ಆ ರಾತ್ರಿ ಹಳೆಯ ವೈರೊಂದನ್ನು ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ಮೂರು ಮೂರಾಗಿ ಹೊಸೆಯುತ್ತಾ ಕೂತೆ. ತಂತಿಯಾದರೆ ಬಗ್ಗಿಸಿದಷ್ಟು ಜೋತು ನಿಲ್ಲುತ್ತದೆ.