ಬಾವಿಯ ಹತ್ತು ಮೀಟರ್, ಸಾಗರದ ಆರು ಸಾವಿರ ಮೀಟರ್

ಬಿಡುವಿನ ವೇಳೆಯಲ್ಲಿ ಪುಟ್ಟ ಜಲಾಂತರ್ಗಾಮಿಗಳನ್ನು ಕಟ್ಟುವುದು ನನ್ನ ಹವ್ಯಾಸ. ಅವು ಮನುಷ್ಯರು ಕೂರುವಂಥವಲ್ಲ. ಎಂಟು ಇಂಚಿನ ಪಿವಿಸಿ ಪೈಪಿನ ತುಂಡಿಗೆ ಒಂದು ತುದಿಯಲ್ಲಿ ಅಲ್ಯೂಮಿನಿಯಂ ಮುಚ್ಚಳ, ಇನ್ನೊಂದು ತುದಿಯಲ್ಲಿ ಕಿಟಕಿಯಾಗಿ 15 ಮಿಲಿಮೀಟರ್ ದಪ್ಪದ ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಬಿಲ್ಲೆ, ನೀರು ನುಗ್ಗದಂತೆ ಓ-ರಿಂಗುಗಳು, ಒಳಗೆ ಬ್ಯಾಟರಿ ಮತ್ತು ಕ್ಯಾಮೆರಾ, ಹೊರಗೆ ತಳ್ಳುವ ಮೋಟಾರುಗಳು. ಮೈಸೂರಿನ ಮನೆಯ ಮಹಡಿಯಲ್ಲಿ ಕಟ್ಟಿದ್ದನ್ನು ಪರೀಕ್ಷಿಸಲು ಮಂಡ್ಯ ಜಿಲ್ಲೆಯ ನಮ್ಮೂರಿಗೆ ಒಯ್ಯುತ್ತೇನೆ. ಅಲ್ಲಿ ನಮ್ಮ ಜಮೀನಿನ ಅಂಚಿನಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯೊಂದಿದ್ದು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯುವ ದಿನಗಳಲ್ಲಿ ಅದರಲ್ಲಿ ಹತ್ತು ಮೀಟರಿನಷ್ಟು ನೀರು ನಿಲ್ಲುತ್ತದೆ. ಸಾಗರದಾಳಕ್ಕೆ ಮನುಷ್ಯರನ್ನು ಇಳಿಸುವ ಎಂಜಿನಿಯರುಗಳ ಬಗ್ಗೆ ನನಗಿರುವ ಗೌರವಕ್ಕೆ ಗಟ್ಟಿಯಾದ ಕಾರಣಗಳು ಸಿಕ್ಕಿದ್ದು ಈ ಬಾವಿಯ ಕಟ್ಟೆಯ ಮೇಲೆ ಕಳೆದ ಒಂದು ಭಾನುವಾರ.

ಆ ದಿನ ಪೈಪಿನೊಳಗೆ ಒಂದು ಡಯಲ್ ಗೇಜನ್ನು, ಅಂದರೆ ತುಸು ಸರಿದರೂ ಮುಳ್ಳಿನಿಂದ ತೋರಿಸುವ ಅಳತೆಯ ಸಾಧನವನ್ನು, ಕೂರಿಸಿ, ಅದರ ಕಡ್ಡಿಯ ತುದಿ ಅಕ್ರಿಲಿಕ್ ಬಿಲ್ಲೆಯ ನಡುಮಧ್ಯಕ್ಕೆ ತಾಗುವಂತೆ ಮಾಡಿದ್ದೆ. ಕ್ಯಾಮೆರಾ ಗೇಜಿನ ಮುಖವನ್ನೇ ನೋಡುತ್ತಿತ್ತು. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಾಗಲೂ ಒತ್ತಡ ಒಂದು ವಾತಾವರಣದಷ್ಟು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ, ಹೆಚ್ಚುತ್ತದೆ. ಇಪ್ಪತ್ತು ಸೆಂಟಿಮೀಟರ್ ವ್ಯಾಸದ ಬಿಲ್ಲೆಯ ಮೇಲೆ ಬಾವಿಯ ತಳದಲ್ಲಿ ಬೀಳುವ ಭಾರ ಮೂರು ಕ್ವಿಂಟಾಲಿಗೂ ಅಧಿಕ. ನನ್ನ ತಮ್ಮ ಹಗ್ಗ ಬಿಡುತ್ತ ಹೋದಂತೆ ಪರದೆಯ ಮೇಲೆ ಮುಳ್ಳು ಸರಿಯಿತು. ತಳ ಮುಟ್ಟಿದಾಗ ಬಿಲ್ಲೆ ಅರ್ಧ ಮಿಲಿಮೀಟರಿಗೂ ತುಸು ಹೆಚ್ಚು ಒಳಬಾಗಿತ್ತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಹಗ್ಗವನ್ನು ಅಲ್ಲಾಡಿಸದೆ ಹಾಗೆಯೇ ಬಿಟ್ಟಿದ್ದರೂ ಮುಳ್ಳು ಕೂದಲೆಳೆಯಷ್ಟು ಮುಂದೆ ಸರಿಯುತ್ತಲೇ ಇತ್ತು, ಮೇಲೆತ್ತಿದ ಮೇಲೆ ನಿಧಾನವಾಗಿ ಹಿಂದಕ್ಕೆ ಬಂದಿತು. ಅಕ್ರಿಲಿಕ್ ಭಾರದ ಕೆಳಗೆ ಮೆಲ್ಲನೆ ಹರಿಯುತ್ತದೆ ಎಂಬುದನ್ನು ಓದಿದ್ದೆ. ಕಣ್ಣಾರೆ ಕಂಡದ್ದು ಅಂದೇ.

ಈ ಗುಣವನ್ನು ದೋಷವೆಂದು ತಳ್ಳದೆ ಆಸರೆಯನ್ನಾಗಿ ಮಾಡಿಕೊಂಡವರು ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ಆಗಸ್ಟ್ ಪಿಕಾರ್. ಗಾಜು ಮುನ್ಸೂಚನೆಯಿಲ್ಲದೆ ಸಿಡಿಯುತ್ತದೆ. ಅಕ್ರಿಲಿಕ್ ಹಾಗಲ್ಲ, ಹೆಚ್ಚು ಒತ್ತಡ ಬಿದ್ದ ಜಾಗದಲ್ಲಿ ತುಸು ಬಾಗಿ ಭಾರವನ್ನು ಹಂಚಿಕೊಳ್ಳುತ್ತದೆ. ಅವರು ಕಿಟಕಿಯನ್ನು ನನ್ನ ಹಾಗೆ ಚಪ್ಪಟೆ ಬಿಲ್ಲೆಯಾಗಿ ಮಾಡಲಿಲ್ಲ. ಹೊರಗೆ ಅಗಲ, ಒಳಗೆ ಕಿರಿದಾದ ಶಂಕುವಿನ ತುಂಡಾಗಿ ಮಾಡಿ ಗೋಡೆಯ ಇಳಿಜಾರು ರಂಧ್ರದಲ್ಲಿ ಕೂರಿಸಿದರು. ಆಳ ಹೆಚ್ಚಿದಂತೆ ಸಮುದ್ರವೇ ಅದನ್ನು ಬಾಟಲಿಯ ಬಿರಡೆಯಂತೆ ಇನ್ನಷ್ಟು ಬಿಗಿಯಾಗಿ ಒತ್ತಿ ಕೂರಿಸುತ್ತದೆ. ಆಳಸಮುದ್ರದ ನೌಕೆಗಳಲ್ಲಿ ಶಂಕುವಿನಾಕಾರದ ಅಕ್ರಿಲಿಕ್ ಕಿಟಕಿ ಇಂದಿಗೂ ಬಳಕೆಯಲ್ಲಿದೆ.

ಆ ಭಾನುವಾರ ಅದೇ ಹೊತ್ತಿಗೆ ಪಕ್ಕದ ಬೋರ್‌ವೆಲ್ಲಿನ ಕೆಟ್ಟ ಮೋಟಾರನ್ನು ಮೇಲೆತ್ತಲು ವೈಂಡಿಂಗ್ ಮೇಸ್ತ್ರಿ ಬಂದಿದ್ದರು. ನನ್ನ ತಳ್ಳುಮೋಟಾರಿಗೆ ನೀರು ಹೋಗದಂತೆ ಹಾಕಿದ್ದ ಸೀಲುಗಳನ್ನು ಬಹಳ ಹೊತ್ತು ತಿರುಗಿಸಿ ನೋಡಿದ ಅವರು, ತಾವು ಎತ್ತಿದ ಸಬ್‌ಮರ್ಸಿಬಲ್ ಮೋಟಾರನ್ನು ಹೊಂಗೆ ಮರದ ಕೆಳಗೆ ಬಿಚ್ಚಿ ತೋರಿಸಿದರು. ಅದರೊಳಗೆ ಮೊದಲೇ ಶುದ್ಧ ನೀರು ತುಂಬಿರುತ್ತದೆ. ಸುರುಳಿಯ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ನೀರಿನಲ್ಲೇ ಕೆಲಸ ಮಾಡುತ್ತದೆ. ತಳದಲ್ಲಿರುವ ರಬ್ಬರ್ ಡಯಾಫ್ರಾಮ್ ಹೊರಗಿನ ಒತ್ತಡವನ್ನು ಒಳಗಿನ ನೀರಿಗೆ ತಲುಪಿಸುತ್ತದೆ. "ಒಳ್ಗೂ ನೀರು, ಹೊರ್ಗೂ ನೀರು ಕಣಣ್ಣ, ಯಾವ್ದು ಯಾವ್ದನ್ನ ಅಮುಕೀತು?" ಎಂದರು.

ನನಗೆ ಆ ಕ್ಷಣ ಟ್ರಿಯೆಸ್ಟ್ ನೌಕೆ ನೆನಪಾಯಿತು. 1960ರ ಜನವರಿ 23ರಂದು ಆಗಸ್ಟ್ ಪಿಕಾರ್ ಅವರ ಮಗ ಜಾಕ್ ಪಿಕಾರ್ ಮತ್ತು ಅಮೆರಿಕದ ನೌಕಾಪಡೆಯ ಡಾನ್ ವಾಲ್ಶ್ ಸಾಗರಗಳಲ್ಲೇ ಅತಿ ಆಳದ ಜಾಗವಾದ ಪೆಸಿಫಿಕ್‌ನ ಚಾಲೆಂಜರ್ ಡೀಪ್‌ನ ತಳ ಮುಟ್ಟಿದ್ದು ಇದೇ ನೌಕೆಯಲ್ಲಿ. ಅಲ್ಲಿನ ಆಳ ಹತ್ತು ಸಾವಿರದ ಒಂಬೈನೂರು ಮೀಟರಿನ ಆಸುಪಾಸು. ಅದರ ತೇಲುಬುರುಡೆ ಬಲು ದೊಡ್ಡದು, ಆದರೆ ಗೋಡೆ ತೆಳು. ಅದರ ತುಂಬ ನೀರಿಗಿಂತ ಹಗುರವಾದ ಪೆಟ್ರೋಲ್ ಇದ್ದು, ತಳ ಸಮುದ್ರಕ್ಕೆ ತೆರೆದಿತ್ತು. ಒತ್ತಡ ಹೆಚ್ಚಿ ಪೆಟ್ರೋಲ್ ಕುಗ್ಗಿದಷ್ಟೂ ಸಮುದ್ರದ ನೀರು ಕೆಳಗಿನಿಂದ ಒಳಬಂದು ಒಳಹೊರಗಿನ ಒತ್ತಡವನ್ನು ಸಮ ಮಾಡುತ್ತಿತ್ತು. ಒತ್ತಡದೊಡನೆ ನಿಜವಾಗಿ ಸೆಣಸಬೇಕಾಗಿದ್ದದ್ದು ಇಬ್ಬರು ಕೂತಿದ್ದ ಉಕ್ಕಿನ ಗೋಳ ಮಾತ್ರ. ಅದರ ಗೋಡೆಯ ದಪ್ಪ 12.7 ಸೆಂಟಿಮೀಟರ್. ಮೇಲೆ ಬರಲು ಇಳಿಸಬೇಕಾದ ಕಬ್ಬಿಣದ ಗುಂಡುಗಳನ್ನು ವಿದ್ಯುತ್ಕಾಂತಗಳು ಹಿಡಿದಿರುತ್ತಿದ್ದವು. ವಿದ್ಯುತ್ ಕೈಕೊಟ್ಟರೆ ಗುಂಡುಗಳು ತಾವಾಗಿ ಉದುರಿ ನೌಕೆ ಮೇಲೇಳಬೇಕು. ಕೆಟ್ಟಾಗ ಯಂತ್ರ ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಮೊದಲೇ ನಿರ್ಧರಿಸಿದ ಈ ವಿನ್ಯಾಸವನ್ನು ನಾನು ಎಷ್ಟು ಸಲ ಓದಿದರೂ ದಣಿಯುವುದಿಲ್ಲ. ಇಂದಿನ ನೌಕೆಗಳ ಹೊರಗಿನ ಮೋಟಾರುಗಳಲ್ಲಿ, ತಂತಿ ಜೋಡಿಸುವ ಪೆಟ್ಟಿಗೆಗಳಲ್ಲಿ ನೀರಿನ ಬದಲು ಎಣ್ಣೆ ತುಂಬಿ ಇದೇ ಉಪಾಯ ಮಾಡುತ್ತಾರೆ.

ಮನುಷ್ಯರಿರುವ ಗೋಳಕ್ಕೆ ಮಾತ್ರ ಅಂಥ ಉಪಾಯವಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸಮುದ್ರಯಾನ ಯೋಜನೆಗಾಗಿ ಕಟ್ಟುತ್ತಿರುವ ಮತ್ಸ್ಯ 6000 ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಒಯ್ಯಬೇಕು. ಅದರ ಟೈಟಾನಿಯಂ ಮಿಶ್ರಲೋಹದ ಗೋಳದ ವ್ಯಾಸ 2.1 ಮೀಟರ್, ದಪ್ಪ 80 ಮಿಲಿಮೀಟರ್. ಹನ್ನೆರಡು ಗಂಟೆಗಳ ಕೆಲಸಕ್ಕೆ ಇಳಿಯುವ ಈ ನೌಕೆಯಲ್ಲಿ ತುರ್ತು ಸಂದರ್ಭಕ್ಕೆಂದು 96 ಗಂಟೆಗಳ ಉಸಿರಿನ ವ್ಯವಸ್ಥೆ ಇರಿಸಿದ್ದಾರೆ. ಕನ್ನಂಬಾಡಿ ಕಟ್ಟೆಯ 124.8 ಅಡಿ ನಮ್ಮವರಿಗೆ ಬಾಯಿಪಾಠ. ಅಷ್ಟು ನೀರಿನ ತಳದಲ್ಲಿ ಚದರ ಸೆಂಟಿಮೀಟರಿಗೆ ಬೀಳುವುದು ನಾಲ್ಕು ಕಿಲೋಗೂ ಕಡಿಮೆ. ಮತ್ಸ್ಯ ತಡೆಯಬೇಕಾದದ್ದು ಆರುನೂರು ಕಿಲೋಗೂ ಮಿಗಿಲು. ನನ್ನ ಬಿಲ್ಲೆಯನ್ನು ಅಲ್ಲಿಗಿಳಿಸಿದರೆ ಮೂರು ಕ್ವಿಂಟಾಲಿನ ಜಾಗದಲ್ಲಿ ನೂರಾ ಎಂಬತ್ತು ಟನ್ನಿಗೂ ಹೆಚ್ಚು ಭಾರ ಬೀಳುತ್ತದೆ.

ಒಂದೇ ವ್ಯಾಸ, ಒಂದೇ ದಪ್ಪದ ಸಿಲಿಂಡರಿಗಿಂತ ಗೋಳದ ಗೋಡೆಯಲ್ಲಿ ಒತ್ತಡದ ಬಲ ಅರ್ಧದಷ್ಟೇ ಇರುತ್ತದೆ. ಆದರೆ ಗೋಳ ನಿಜವಾಗಿ ದುಂಡಾಗಿರಬೇಕು. ಎಲ್ಲಿಯೋ ತುಸು ಚಪ್ಪಟೆಯಾದರೆ ಕುಸಿತ ಅಲ್ಲಿಂದಲೇ ಆರಂಭವಾಗಬಹುದು. ಜಪಾನಿನ ಶಿಂಕಾಯ್ 6500 ನೌಕೆಯ ಎರಡು ಮೀಟರ್ ಒಳವ್ಯಾಸದ ಗೋಳವನ್ನು ಎಲ್ಲಿ ಅಳೆದರೂ ವ್ಯತ್ಯಾಸ ಅರ್ಧ ಮಿಲಿಮೀಟರ್ ಮೀರದಂತೆ ಮಾಡಿದ್ದಾರೆ. ಬಾವಿಯ ತಳದಲ್ಲಿ ನನ್ನ ಬಿಲ್ಲೆ ಬಾಗಿದ್ದು ಅದಕ್ಕಿಂತ ಹೆಚ್ಚು! ಟೈಟಾನಿಯಂ ಕಾದಾಗ ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುತ್ತದೆ. ಹಾಗಾಗಿ ಮತ್ಸ್ಯದ ಅರ್ಧಗೋಳಗಳನ್ನು ಬೆಸೆಯಲು ಇಸ್ರೋ ಆರಿಸಿಕೊಂಡದ್ದು ನಿರ್ವಾತದಲ್ಲಿ ನಡೆಯುವ ಎಲೆಕ್ಟ್ರಾನ್ ಬೀಮ್ ವೆಲ್ಡಿಂಗ್. ಎರಡು ಅಂಚುಗಳನ್ನು ಬೆಸೆಯುವ ಈ ಒಂದು ಕೆಲಸದ ಹಿಂದಿರುವ ಶ್ರಮ ಹೊರಗಿನವರಿಗೆ ಕಾಣುವುದೇ ಇಲ್ಲ.

ಮನುಷ್ಯರು ಕೂರುವ ನೌಕೆಯನ್ನು ಯಾಕೆ ಕಟ್ಟುವುದಿಲ್ಲ ಎಂದು ಗೆಳೆಯರು ಕೇಳುತ್ತಾರೆ. 2023ರ ಜೂನ್‌ನಲ್ಲಿ ಕಾರ್ಬನ್ ಫೈಬರ್ ಸಿಲಿಂಡರಿನ ಟೈಟನ್ ಎಂಬ ನೌಕೆ ಸಾಗರದಾಳದಲ್ಲಿ ಕುಸಿದು ಐವರು ಸತ್ತರು. ಆ ನೌಕೆಯನ್ನು ಯಾವ ಸ್ವತಂತ್ರ ಮಾನ್ಯತಾ ಸಂಸ್ಥೆಯೂ ಪರಿಶೀಲಿಸಿ ಪ್ರಮಾಣೀಕರಿಸಿರಲಿಲ್ಲ. ಇನ್ನೊಬ್ಬರ ಕಣ್ಣಿಗೆ, ಇನ್ನೊಬ್ಬರ ಅಳತೆಗೋಲಿಗೆ ತಮ್ಮ ಕೆಲಸವನ್ನು ಒಡ್ಡುವ ಶಿಸ್ತು ವೃತ್ತಿನಿರತರದು. ಅದನ್ನು ಮನೆಯ ಮಹಡಿಯಲ್ಲಿ ಕಟ್ಟಿಕೊಳ್ಳಲಾಗದು.

ಈಗ ತಳ್ಳುಮೋಟಾರುಗಳಿಗೆ ಎಣ್ಣೆ ತುಂಬಿದ ಕವಚ ಮಾಡುತ್ತಿದ್ದೇನೆ. ಅದರ ರಬ್ಬರ್ ಡಯಾಫ್ರಾಮ್ ಮೇಸ್ತ್ರಿಯವರೇ ಕೊಟ್ಟದ್ದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಕಾರ್ಖಾನೆಯೊಂದರಲ್ಲಿ ಶಂಕುವಿನಾಕಾರದ ಕಿಟಕಿಯನ್ನೂ ಅದು ಕೂರುವ ಚೌಕಟ್ಟನ್ನೂ ಕಡೆಯಲು ಕೊಟ್ಟಿದ್ದೇನೆ. ಮತ್ತೆ ನಾಲೆಗೆ ನೀರು ಬಿಟ್ಟಾಗ ಗೇಜನ್ನು ಕಿಟಕಿಗಲ್ಲದೆ ಪೈಪಿನ ಗೋಡೆಗೆ ತಾಗಿಸಿ, ಒತ್ತಡದ ಕೆಳಗೆ ಅದು ಎಷ್ಟು ದುಂಡಾಗಿ ಉಳಿಯುತ್ತದೆ ಎಂಬುದನ್ನು ನಾಲ್ಕು ದಿಕ್ಕಿನಲ್ಲೂ ಅಳೆಯಬೇಕೆಂದಿದ್ದೇನೆ.