‘ಎಲ್ಲೂ ಸೆಲೆಕ್ಟ್ ಆಗ್ತಿಲ್ಲ ಸರ್, ನನ್ನಲ್ಲೇ ಏನಾದ್ರೂ ಕೊರತೆ ಇದೆಯಾ?’

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದಾಗ, ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಈ ಪ್ರಶ್ನೆಯ ಬಳಿಯೇ. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠದ ಜೊತೆಗೆ ಪ್ಲೇಸ್‌ಮೆಂಟ್ ವಿಭಾಗದ ಹೊಣೆಯೂ ನನ್ನದಾಗಿರುವುದರಿಂದ, ಕಂಪನಿಗಳು ಯಾರನ್ನು ಹೇಗೆ ಆರಿಸುತ್ತವೆ, ಹೇಗೆ ಬಿಡುತ್ತವೆ ಎಂಬುದನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ. ನನ್ನ ಉತ್ತರ ಹೀಗಿದೆ: ಕೊರತೆ ಇರಬಹುದು, ಇಲ್ಲದೆಯೂ ಇರಬಹುದು; ಆದರೆ ಆಯ್ಕೆಯಾಗಿಲ್ಲವೆಂದು ತಿಳಿಸುವ ಎರಡು ಸಾಲಿನ ಇಮೇಲ್ ಅದನ್ನು ಹೇಳಲಾರದು. ಎಷ್ಟು ಕಡೆ ತಿರಸ್ಕೃತರಾದಿರಿ ಎಂದು ಎಣಿಸುವುದನ್ನು ಬಿಟ್ಟು, ಪ್ರತಿ ಸಲವೂ ಯಾವ ಹಂತದಲ್ಲಿ ನಿಂತಿರಿ ಎಂದು ಬರೆದಿಟ್ಟುಕೊಳ್ಳಿ.

ಬಹಳಷ್ಟು ಅರ್ಜಿಗಳು ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಬಿದ್ದುಹೋಗುತ್ತವೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60 ಅಂಕ ಇರಬೇಕು, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು, ಓದಿನ ನಡುವೆ ವರ್ಷಗಟ್ಟಲೆ ಬಿಡುವು ಇರಬಾರದು ಎಂಬಂಥ ನಿಯಮಗಳು ಕ್ಯಾಂಪಸ್ ಆಯ್ಕೆಯಲ್ಲಿ ಸಾಮಾನ್ಯ. ಪಿಯುಸಿಯಲ್ಲಿ ಶೇ. 57 ಪಡೆದು, ಎಂಜಿನಿಯರಿಂಗ್‌ನಲ್ಲಿ ಚೆನ್ನಾಗಿ ಓದಿ ಬಂದ ಹುಡುಗಿಯನ್ನು ಇಂಥ ನಿಯಮ ಹೊರಗಿಟ್ಟಾಗ, ಅವಳ ಇಂದಿನ ಸಾಮರ್ಥ್ಯವನ್ನು ಯಾರೂ ಪರೀಕ್ಷಿಸಿಯೇ ಇರುವುದಿಲ್ಲ. ಹಳೆಯ ಅಂಕಪಟ್ಟಿ ಬದಲಾಗುವುದಿಲ್ಲವಾದ್ದರಿಂದ ಅಲ್ಲಿಗೇ ಮತ್ತೆ ಮತ್ತೆ ಅರ್ಜಿ ಹಾಕಿ ನೋಯುವುದು ವ್ಯರ್ಥ. ಆ ನಿಯಮವಿಲ್ಲದ ಸಣ್ಣ ಕಂಪನಿಗಳು, ಯಾರು ಬೇಕಾದರೂ ಬರೆಯಬಹುದಾದ ಕೋಡಿಂಗ್ ಪರೀಕ್ಷೆಗಳು, ಈಗಾಗಲೇ ಕೆಲಸದಲ್ಲಿರುವ ಸೀನಿಯರ್‌ಗಳ ರೆಫರಲ್, ಇವೇ ಅವಳ ದಾರಿಗಳು. ಸೀನಿಯರ್‌ಗಳನ್ನು ಕೇಳಲು ನಮ್ಮ ಮಕ್ಕಳು ವಿಪರೀತ ಸಂಕೋಚಪಡುತ್ತಾರೆ. ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಸಂತೋಷದಿಂದಲೇ ನೆರವಾಗುವುದನ್ನು ಕಂಡಿದ್ದೇನೆ.

ಲೆಕ್ಕ, ತರ್ಕಗಳ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ನಿಲ್ಲುತ್ತಿದ್ದರೆ ಅದು ಬಹುಪಾಲು ವೇಗದ ಪ್ರಶ್ನೆ, ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಸುಧಾರಿಸುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇಂಟರ್‌ವ್ಯೂ ಕೋಣೆಯೊಳಗೆ ಹೋಗಿ ನಿಲ್ಲುವವರು, ಅದರಲ್ಲೂ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಪ್ರಶ್ನೆ ಅವರಿಗೆ ಅರ್ಥವಾಗಿರುತ್ತದೆ, ಉತ್ತರವೂ ಗೊತ್ತಿರುತ್ತದೆ, ಆದರೆ ಅದನ್ನು ಇಂಗ್ಲಿಷಿನಲ್ಲಿ ಕಟ್ಟುವಷ್ಟು ಹೊತ್ತು ಅವರು ಸುಮ್ಮನಿದ್ದಾಗ ಎದುರು ಕುಳಿತವರು ಆ ಮೌನವನ್ನು ಅಜ್ಞಾನವೆಂದು ತಿಳಿದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಹೊರಬಂದ ವಿದ್ಯಾರ್ಥಿ ‘ಟೆಕ್ನಿಕಲ್‌ನಲ್ಲಿ ಫೇಲ್ ಆದೆ’ ಎನ್ನುತ್ತಾನೆ. ಮರುದಿನ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಾನೆ. ಇಂಥವರಿಗೆ ಮತ್ತೊಂದು ಸಾಫ್ಟ್‌ವೇರ್ ಕೋರ್ಸಿಗೆ ಹಣ ಕಟ್ಟಬೇಡಿ ಎನ್ನುತ್ತೇನೆ. ಸ್ವಂತವಾಗಿ ಮಾಡಿದ ಪ್ರಾಜೆಕ್ಟನ್ನು, ಅದರಲ್ಲಿ ಏನು ಕೈಕೊಟ್ಟಿತು, ಹೇಗೆ ಸರಿಪಡಿಸಿದಿರಿ ಎಂಬುದನ್ನೂ ಸೇರಿಸಿ, ದಿನವೂ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ವಾಕ್ಯ ಸಣ್ಣದಿರಲಿ, ವ್ಯಾಕರಣ ಅಲ್ಲಲ್ಲಿ ತಪ್ಪಲಿ. ‘ಸ್ವಲ್ಪ ಯೋಚಿಸಿ ಹೇಳುತ್ತೇನೆ’ ಎಂದು ಸಮಯ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹಾಗೆ ಕೇಳಿದ ಮೇಲೆ ಮೌನದ ಅರ್ಥವೇ ಬದಲಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕೆಲಸ ಸಿಗದ ವರ್ಷಗಳಿರುತ್ತವೆ. 2023-24ರ ಆರ್ಥಿಕ ವರ್ಷದಲ್ಲಿ ಟಿಸಿಎಸ್‌ನ ಒಟ್ಟು ನೌಕರರ ಸಂಖ್ಯೆ 13 ಸಾವಿರಕ್ಕೂ ಹೆಚ್ಚು ಕಡಿಮೆಯಾಯಿತು, ಇನ್ಫೋಸಿಸ್‌ನದು ಸುಮಾರು 26 ಸಾವಿರ ಇಳಿಯಿತು. ಸಾವಿರಾರು ಹೊಸಬರನ್ನು ಒಮ್ಮೆಲೇ ಸೇರಿಸಿಕೊಳ್ಳುವ ಕಂಪನಿಗಳೇ ಕುಗ್ಗಿದ ವರ್ಷ ಪದವಿ ಪಡೆದವರು ಹಿಂದಿನ ಬ್ಯಾಚಿನವರಿಗಿಂತ ದಡ್ಡರಾಗಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಸೇರಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇ. 29.1 ಇದ್ದರೆ, ಓದುಬರಹ ಬಾರದ ಯುವಜನರಲ್ಲಿ ಅದು ಶೇ. 3.4 ಮಾತ್ರ. ಓದಿಲ್ಲದವರು ಸಿಕ್ಕ ಕೂಲಿಗೆ ಹೋಗಲೇಬೇಕಾದ ಸ್ಥಿತಿಯಲ್ಲಿರುತ್ತಾರೆ. ಓದಿದವರು ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾರೆ. ಕಾಯುವುದು ತಪ್ಪಲ್ಲ, ಆದರೆ ಎಷ್ಟು ದಿನ ಎಂಬುದನ್ನು ಮನೆಯ ಪರಿಸ್ಥಿತಿ ನೋಡಿ ಮೊದಲೇ ನಿರ್ಧರಿಸಬೇಕು. ಅಪ್ಪ ಸಾಲ ಮಾಡಿ ಓದಿಸಿದ್ದರೆ, ಬೆಂಗಳೂರಿನ ಪಿಜಿಯಲ್ಲಿ ವರ್ಷವಿಡೀ ಕೂತು ಅರ್ಜಿ ಹಾಕುವುದಕ್ಕಿಂತ ಊರಿನ ಹತ್ತಿರ ಸಿಕ್ಕ ಕೆಲಸಕ್ಕೆ ಸೇರಿ ಸಂಜೆ ತಯಾರಿ ನಡೆಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಬಿಇಎಲ್, ಎಚ್‌ಎಎಲ್‌ನಂಥ ಸಂಸ್ಥೆಗಳು ಪದವೀಧರರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತವೆ. ಅದು ಕಾಯಂ ನೌಕರಿಯಲ್ಲದಿದ್ದರೂ ಒಂದು ವರ್ಷದ ಸ್ಟೈಪೆಂಡ್, ಅನುಭವ, ಪ್ರಮಾಣಪತ್ರ ಸಿಗುತ್ತವೆ. ಫಲಿತಾಂಶ ಬಂದು 180 ದಿನ ಕಳೆದರೂ ಕೆಲಸವಿಲ್ಲದ ಪದವೀಧರರಿಗೆ ರಾಜ್ಯದ ಯುವನಿಧಿ ಯೋಜನೆಯಡಿ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ಸಿಗುತ್ತದೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಷರತ್ತುಗಳನ್ನು ಓದಿ ಅರ್ಜಿ ಹಾಕಲು ನಾಚಿಕೆ ಬೇಡ. ಆದರೆ ‘ಹಣ ಕಟ್ಟಿದರೆ ಬ್ಯಾಕ್‌ಡೋರ್‌ನಲ್ಲಿ ಕೆಲಸ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆನ್‌ಲೈನ್‌ನಲ್ಲಿ ಈಗಾಗಲೇ ಕಟ್ಟಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಮನಸ್ಸಿನ ವಿಚಾರ. ತಿರಸ್ಕಾರಕ್ಕಿಂತ ಅದನ್ನು ಮುಚ್ಚಿಡುವುದೇ ಹೆಚ್ಚು ಸುಡುತ್ತದೆ. ಸಹಪಾಠಿಗಳು ಕೆಲಸಕ್ಕೆ ಸೇರಿದ ಫೋಟೊಗಳನ್ನು ಸ್ಟೇಟಸ್‌ನಲ್ಲಿ ನೋಡುತ್ತ, ಮದುವೆ ಮನೆಗಳಲ್ಲಿ ‘ಈಗೇನು ಮಾಡ್ಕೊಂಡಿದ್ದೀಯ?’ ಎಂಬ ಮಾತಿಗೆ ಹೆದರಿ ಕೋಣೆ ಸೇರುವ ಮಕ್ಕಳನ್ನು ಬಲ್ಲೆ. ‘ಎಲ್ಲ ಚೆನ್ನಾಗಿದೆ’ ಎಂದು ಅಪ್ಪ ಅಮ್ಮನಿಗೆ ಸುಳ್ಳು ಹೇಳುವುದಕ್ಕಿಂತ, ‘ಮೂರನೇ ರೌಂಡಿನವರೆಗೆ ಹೋಗಿದ್ದೆ, ಅಲ್ಲಿ ನಿಂತಿತು, ಅದಕ್ಕೆ ಹೀಗೆ ತಯಾರಾಗುತ್ತಿದ್ದೇನೆ’ ಎಂದು ನಡೆದದ್ದನ್ನು ಹೇಳಿ. ವಿವರ ಗೊತ್ತಾದರೆ ಅವರ ಭಯವೂ ತಗ್ಗುತ್ತದೆ. ನಿದ್ರೆ ಕೆಟ್ಟು, ಊಟ ಸೇರದೆ, ಬದುಕೇ ಬೇಡವೆನ್ನಿಸುವ ಮಟ್ಟಕ್ಕೆ ಹೋದರೆ ಮುಂದಿನ ಇಂಟರ್‌ವ್ಯೂವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಅದಕ್ಕೆ ಶುಲ್ಕವಿಲ್ಲ. ಈ ಸೇವೆಗೆ ಮಾರ್ಗದರ್ಶನ ನೀಡುತ್ತಿರುವುದು ನಮ್ಮ ನಿಮ್ಹಾನ್ಸ್.

ತಂದೆ ತಾಯಂದಿರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಸಂಜೆಯಾದೊಡನೆ ‘ಏನಾಯ್ತು?’ ಎಂದು ಕೇಳಬೇಡಿ, ಪಕ್ಕದ ಮನೆಯ ಹುಡುಗನ ಸಂಬಳವನ್ನು ಊಟದ ಹೊತ್ತಿಗೆ ಎತ್ತಬೇಡಿ. ಫಲಿತಾಂಶ ಬಂದ ದಿನ ಮಕ್ಕಳು ತಾವಾಗಿಯೇ ಹೇಳುತ್ತಾರೆ, ಹೇಳಿದರೆ ಬೈಗುಳ ಬೀಳುವುದಿಲ್ಲವೆಂಬ ಭರವಸೆ ಇದ್ದರೆ.